ಶ್ರೀ ಆಯುಷ್ಮಾನ್ ಕಾರ್ಡ್ ಮಹಾಶಯರೊಡನೆ ಒಂದು ಸಂದರ್ಶನ

ಜಿಲ್ಲಾ ಆಸ್ಪತ್ರೆಯ ಆರೋಗ್ಯಮಿತ್ರರ ಮೇಜಿನ ಮೇಲೆ, ಲ್ಯಾಮಿನೇಷನ್ನೆಂಬ ಹೊಳೆಯುವ ಉತ್ತರೀಯವನ್ನು ಹೊದ್ದು, ತಮ್ಮನ್ನು ತಂದಾತನು ಹೊರಗಿನ ಬೆಂಚಿನಲ್ಲಿ ಕೆಮ್ಮುತ್ತಿರುವುದನ್ನು ಲೆಕ್ಕಿಸದೆ ವಿರಾಜಮಾನರಾಗಿದ್ದ ಕಾರ್ಡ್ ಮಹಾಶಯರು, ನಮ್ಮ ಪ್ರಶ್ನೆಗಳಿಗೆ ಉತ್ತರವೀಯಲು ದಯೆಯಿಂದ ಸಮ್ಮತಿಸಿದರು.

ನಾವು: ತಮ್ಮ ಜನನ, ವಂಶಗಳ ವೃತ್ತಾಂತ?

ಕಾರ್ಡ್: 2018ರ ಸೆಪ್ಟೆಂಬರ್ 23ರಂದು ರಾಂಚಿಯಲ್ಲಿ ನಮ್ಮ ಯೋಜನೆಯ ಉದ್ಘಾಟನೆ. ಪೂರ್ವಜವಾದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯು ಕುಟುಂಬಕ್ಕೆ ವರ್ಷಕ್ಕೆ 30,000 ರೂಪಾಯಿಗಳ ಭಾರವನ್ನು ಮಾತ್ರ ಹೊರುತ್ತಿದ್ದಿತು. ನಾನು 5 ಲಕ್ಷವನ್ನು ಹೊರುವೆನು. ಹೃದಯದ ಶಸ್ತ್ರಚಿಕಿತ್ಸೆಗಾಗಿ ಹೊಲವನ್ನು ಅಡವಿಡಲು ಹೊರಟವರನ್ನು ಅರ್ಧದಾರಿಯಿಂದ ಹಿಂದಿರುಗಿಸಿದ ಪುಣ್ಯವೂ ನನ್ನದೇ. ಬರೆದುಕೊಳ್ಳಿ.

ನಾವು: ಬರೆದುಕೊಂಡೆವು. ಹೊರಗೆ ಕೆಮ್ಮುತ್ತಿರುವ ತಮ್ಮ ಯಜಮಾನರ ಗತಿ?

ಕಾರ್ಡ್: ಆತನಿಗೆ ಹಾಸಿಗೆ ದೊರೆತಿದೆಯೆ? ಇಲ್ಲವಷ್ಟೆ! ಒಳರೋಗಿಯಾಗದವನ ಕೆಮ್ಮು ನನ್ನ ಕಿವಿಗೆ ಬೀಳದು. ದಾಖಲಾಗುವ ಮುನ್ನ 3 ದಿನ, ಬಿಡುಗಡೆಯ ತರುವಾಯ 15 ದಿನ, ಇಷ್ಟೇ ನನ್ನ ಕಾರುಣ್ಯದ ಎಲ್ಲೆ. ಸಕ್ಕರೆ ಕಾಯಿಲೆಗೆ ತಿಂಗಳು ತಿಂಗಳೂ ಅಂಗಡಿಯಲ್ಲಿ ಮಾತ್ರೆ ಕೊಳ್ಳುವವನು ಸ್ವಂತ ಜೇಬನ್ನು ನಂಬಿರಲಿ. ಆ ರೋಗವು ಬಲಿತು ಮೂತ್ರಪಿಂಡವನ್ನು ಕೆಡಿಸಿದ ದಿನ ಡಯಾಲಿಸಿಸ್ಸಿಗೆ ನಾನಿದ್ದೇ ಇರುವೆನು.

ನಾವು: ಏಳೂವರೆ ಲಕ್ಷದಷ್ಟು ಫಲಾನುಭವಿಗಳ ಹೆಸರಿನ ಮುಂದೆ, ಒಂಬತ್ತನ್ನೇ ಹತ್ತು ಸಲ ಬರೆದ ಒಂದೇ ಮೊಬೈಲ್ ಸಂಖ್ಯೆಯಿದ್ದಿತೆಂದು ಮಹಾಲೆಕ್ಕಪರಿಶೋಧಕರ 2023ರ ವರದಿ ಹೇಳುತ್ತದೆ.

ಕಾರ್ಡ್: ಜಾತಿ, ಮತ, ಭಾಷೆಗಳ ಭೇದವಿಲ್ಲದೆ ಇಷ್ಟು ಮಂದಿ ಒಂದಾದುದನ್ನು ಈ ದೇಶದಲ್ಲಿ ತಾವು ಮತ್ತೆಲ್ಲಿ ಕಂಡಿರುವಿರಿ?

ನಾವು: ತೀರಿಕೊಂಡರೆಂದು ದಾಖಲಾದ ರೋಗಿಗಳ ಹೆಸರಿನಲ್ಲಿ ಮತ್ತೆ ಚಿಕಿತ್ಸೆ ನಡೆದುದಾಗಿಯೂ ಅದೇ ವರದಿಯಲ್ಲಿದೆ.

ಕಾರ್ಡ್: ನನ್ನ ನಾಮಧೇಯವೇ ಆಯುಷ್ಮಾನ್ ಎಂಬುದನ್ನು ಮರೆತಿರೆಂದು ತೋರುತ್ತದೆ.

ನಾವು: ತಾವು ಜನಿಸಿದ 2018ರಲ್ಲಿಯೇ, ಏಪ್ರಿಲ್ 14ರಂದು ಛತ್ತೀಸಗಢದಲ್ಲಿ ಜನಿಸಿದ ತಮ್ಮ ಅಗ್ರಜ, ಹಳ್ಳಿಯ ಆರೋಗ್ಯ ಕ್ಷೇಮ ಕೇಂದ್ರ, ಸಕ್ಕರೆಯನ್ನೂ ರಕ್ತದೊತ್ತಡವನ್ನೂ ಮೊದಲೇ ಪತ್ತೆಹಚ್ಚಿ ಮಾತ್ರೆ ಕೊಡತಕ್ಕವನಲ್ಲವೆ? ದಕ್ಷತೆಯೆಂಬುದು ಆತನಿಗೇ ಸಲ್ಲಬೇಕಲ್ಲವೆ?

ಕಾರ್ಡ್: ಅಣ್ಣನು ಸಾತ್ವಿಕ, ಆದರೆ ಲೋಕಜ್ಞಾನವಿಲ್ಲ. ಆತನು ತಡೆದ ರೋಗಕ್ಕೆ ಬಿಲ್ಲಿಲ್ಲ, ಬಿಲ್ಲಿಲ್ಲದುದಕ್ಕೆ ಅಂಕಿಯಿಲ್ಲ, ಅಂಕಿಯಿಲ್ಲದ ಸಾಧನೆಯನ್ನು, ಸ್ವಾಮಿ, ಯಾವ ವಾರ್ಷಿಕ ವರದಿಯ ಯಾವ ಪುಟದಲ್ಲಿ ಅಚ್ಚುಹಾಕಿಸುವುದು?