ಎಂಟು ಗುಡ್ಡಕ್ಕೆ ಒಂದು ಸೈಕಲ್ಲು

ಮದುವೆಮನೆಯ ಊಟದ ಪಂಕ್ತಿಯಲ್ಲಿ ಬಾಯಿತಪ್ಪಿ, "ರಾತ್ರಿಯೆಲ್ಲ ಲೇಔಟ್ ಕೆಲಸ, ನಿದ್ದೆಯೇ ಇಲ್ಲ" ಎಂದುಬಿಟ್ಟೆ. ಪಕ್ಕದೆಲೆಯ ದೂರದ ನೆಂಟರು ಹೋಳಿಗೆ ಮುರಿಯುವುದನ್ನು ಅಲ್ಲಿಗೇ ನಿಲ್ಲಿಸಿದರು. "ಲೇಔಟಾ? ಎಲ್ಲಿ ಸ್ವಾಮಿ? ತರ್ಟಿ ಫಾರ್ಟಿಗೆ ಏನು ರೇಟು?" "ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ" ಎಂದೆ. 55 ಕಿಲೋಮೀಟರ್ ಉದ್ದದ ಲೇಔಟು! ತುಪ್ಪದವನು ಬಂದು ನಿಂತದ್ದೂ ಅವರಿಗೆ ಕಾಣಲಿಲ್ಲ. ಅದೆಲ್ಲ ಕಂಪ್ಯೂಟರಿನೊಳಗೆ ಇರುವುದು ಎಂದು ತಿಳಿಸಿ ಹೇಳಿದ ಮೇಲೆ ಹೋಳಿಗೆಯತ್ತ ತಿರುಗಿದವರು, ಕೈ ತೊಳೆಯುವವರೆಗೂ ನನ್ನತ್ತ ತಿರುಗಲಿಲ್ಲ.

ಟ್ರೇನ್ಜ್ ಎಂಬ ರೈಲು ಸಿಮ್ಯುಲೇಟರ್ ಹುಟ್ಟಿದ್ದು 2001ರಲ್ಲಿ, ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ. ಇದರಲ್ಲಿ ರೈಲು ಓಡಿಸುವುದು ಅರ್ಧ ಸುಖ; ಓಡಿಸುವುದಕ್ಕೊಂದು ಊರು ಕಟ್ಟುವುದು ಉಳಿದರ್ಧ. ನಾನು ಆರಿಸಿಕೊಂಡದ್ದು ನಮ್ಮ ಘಟ್ಟದ ದಾರಿ: 57 ಸುರಂಗ, 109 ಸೇತುವೆ, ಐವತ್ತು ಅಡಿಗೆ ಒಂದಡಿ ಏರು. ನಿವೃತ್ತನಾದ ಮೇಲೆ ಮೂರು ವರ್ಷ ರಾತ್ರಿ ಕೂತು ಕಟ್ಟಿದೆ. ಯಡಕುಮೇರಿಯಲ್ಲಿ ಮಂಜು ಹಾಕಿದೆ. ದೋಣಿಗಾಲಿನ ಸುತ್ತ ಕಾಫಿ ತೋಟ ಎಬ್ಬಿಸಿದೆ. ಸಕಲೇಶಪುರದ ನಿಲ್ದಾಣಕ್ಕೆ ಚಹಾದಂಗಡಿ, ಅದರ ಹಿಂದೆ ಒಂದು ಸೈಕಲ್ ಸ್ಟ್ಯಾಂಡ್ ಮಾಡಿದೆ. ಈಗ ಅಲ್ಲಿ ಅಂಥದ್ದಿದೆಯೇ ಎಂದು ಕೇಳಬೇಡಿ. ನನ್ನ ತಲೆಯಲ್ಲಿರುವುದು ಮೀಟರ್‌ಗೇಜ್ ಕಾಲದ ನಿಲ್ದಾಣ.

ಕಷ್ಟ ಶುರುವಾದದ್ದೂ ಅಲ್ಲಿಯೇ. ಕಂಪ್ಯೂಟರು ಸೆಕೆಂಡಿಗೆ ಎಷ್ಟು ಸಲ ಹೊಸದಾಗಿ ಚಿತ್ರ ಬಿಡಿಸುತ್ತದೆಯೋ ಅಷ್ಟು ಫ್ರೇಮ್ ಎಂದು ಲೆಕ್ಕ. ಸಿನಿಮಾದ ಲೆಕ್ಕ ಸೆಕೆಂಡಿಗೆ 24. ನನ್ನ ರೈಲು ಘಟ್ಟದಲ್ಲೆಲ್ಲ 45 ಫ್ರೇಮಿನಲ್ಲಿ ನೀರಿನಂತೆ ಹರಿಯುತ್ತಿತ್ತು. ಸಕಲೇಶಪುರದ ಹೊರ ಸಿಗ್ನಲ್ ದಾಟಿದ್ದೇ ತಡ, ಆರಕ್ಕೆ ಇಳಿಯುತ್ತಿತ್ತು. ಆರು ಫ್ರೇಮಿನಲ್ಲಿ ರೈಲು ಓಡುವುದಿಲ್ಲ. ಮೊಣಕಾಲು ನೋವಿನವರು ದೇವಸ್ಥಾನದ ಮೆಟ್ಟಿಲು ಹತ್ತಿದ ಹಾಗೆ, ನಿಂತು, ಉಸಿರೆಳೆದು, ಒಂದು ಮೆಟ್ಟಿಲು ಹತ್ತಿ, ಮತ್ತೆ ನಿಲ್ಲುತ್ತದೆ. ನನ್ನಾಕೆ ಒಮ್ಮೆ ಹಿಂದಿನಿಂದ ಇಣುಕಿ, "ರೀ, ಫೋಟೋ ಆಲ್ಬಂ ನೋಡ್ತಿದೀರಾ?" ಎಂದು ಕೇಳಿದ್ದುಂಟು.

ಮೊದಲು ಗುಮಾನಿ ಬಿದ್ದದ್ದು ಮರಗಳ ಮೇಲೆ. ಸಾವಿರಾರು ಇದ್ದವು, ಭಾರ ಅವುಗಳದ್ದೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಒಂದೇ ರಾತ್ರಿಯಲ್ಲಿ ನಿಲ್ದಾಣದ ಸುತ್ತಲಿನ ಗುಡ್ಡ ಬೋಳಿಸಿದೆ. ಯಾವ ಮರದ ಕಂಟ್ರಾಕ್ಟರೂ ಅಷ್ಟು ಚುರುಕಾಗಿ ಕಡಿದಿರಲಾರ. ಬೆಳಗಿನ ಜಾವ ನೋಡಿದರೆ ಆರು ಇದ್ದದ್ದು ಏಳಾಗಿತ್ತು. ಆಮೇಲೆ ತಿಳಿಯಿತು, ನಾನು ನೆಟ್ಟಿದ್ದ ಮರಗಳು ಮರಗಳೇ ಅಲ್ಲ. ಅಡ್ಡಡ್ಡ ನಿಲ್ಲಿಸಿದ ಎರಡು ಹಲಗೆಗಳ ಮೇಲೆ ಅಂಟಿಸಿದ ಮರದ ಪಟ. ನಾಟಕ ಕಂಪನಿಯ ಪರದೆಯ ಕಾಡಿಗಿಂತ ಹೆಚ್ಚಿನದೇನೂ ಅಲ್ಲ. ಗುಡ್ಡ ಅಗೆದು ಇಲಿ ಹಿಡಿದರು ಎನ್ನುತ್ತಾರೆ. ನನಗೆ ಇಲಿಯೂ ಸಿಗಲಿಲ್ಲ.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅಕ್ಕನ ಮಗನಿಗೆ ಫೋನ್ ಮಾಡಿದೆ. "ಮಾವ, ಕಳ್ಳ ಇವನೇ ಅಂತ ಊಹೆ ಮಾಡ್ಬೇಡಿ. ಅರ್ಧ ಊರನ್ನ ಮುಚ್ಚಿಡಿ. ಫ್ರೇಮ್ ಏರಿದ್ರೆ ಕಳ್ಳ ಆ ಅರ್ಧದಲ್ಲಿದಾನೆ. ಆ ಅರ್ಧದಲ್ಲಿ ಮತ್ತೆ ಅರ್ಧ." ನನ್ನ ಲೇಔಟಿನಲ್ಲಿ 640 ಬಗೆಯ ವಸ್ತುಗಳಿದ್ದವು. ಹೀಗೆ ಹತ್ತು ಸಲ ಅರ್ಧ ಮಾಡಿದರೆ ಒಂದಕ್ಕೆ ಬಂದು ನಿಲ್ಲುತ್ತದೆ. ಅಳಿಸಬೇಕಾಗಿಯೂ ಇಲ್ಲ. ಟ್ರೇನ್ಜ್‌ನಲ್ಲಿ ಲೇಯರ್ ಎಂಬ ಪದರಗಳಿವೆ. ಬೇಡವಾದದ್ದನ್ನು ಒಂದು ಪದರಕ್ಕೆ ತಳ್ಳಿ ಮರೆಮಾಡಬಹುದು. ಒಂದೇ ಕಟ್ಟಳೆ: ಪ್ರತಿ ಸಲವೂ ರೈಲು ಅದೇ ಜಾಗದಲ್ಲಿ, ಗಡಿಯಾರ ಅದೇ ಹೊತ್ತಿನಲ್ಲಿ, ನೋಡುವ ಕೋನ ಅದೇ ಇರಬೇಕು. ಇಲ್ಲದಿದ್ದರೆ ನಿನ್ನೆ ಚಪ್ಪಲಿ ಹಾಕಿ, ಇವತ್ತು ಬಿಟ್ಟು ತೂಕ ನೋಡಿಕೊಂಡ ಹಾಗೆ.

ಹುಡುಕುವಾಗ ಕಳ್ಳನಿಗಿಂತ ಮೊದಲು ಕಿಸೆಗಳ್ಳರು ಸಿಕ್ಕರು. ಚಹಾದಂಗಡಿ ಮೊದಲಿನಿಂದಲೂ ಮಿಣುಕುತ್ತಿತ್ತು. ಕೆಟ್ಟ ಟ್ಯೂಬ್‌ಲೈಟ್, ಎಷ್ಟು ಸಹಜವಾಗಿದೆ ಎಂದು ಹೆಮ್ಮೆಪಟ್ಟಿದ್ದೆ. ಅಳಿಸಿ ನೋಡಿದರೆ ಅಂಗಡಿ ಹಾಗೇ ಇದೆ! ಮತ್ತೆ ಅಳಿಸಿದೆ, ಇನ್ನೂ ಇದೆ. ಒಟ್ಟು ಐದು ಅಂಗಡಿಗಳು ಒಂದೇ ಜಾಗದಲ್ಲಿ ಒಂದರೊಳಗೊಂದು ಕೂತಿದ್ದವು; ಐದರ ಗೋಡೆಗಳೂ ನಾ ಮುಂದು ತಾ ಮುಂದು ಎಂದು ಜಗಳವಾಡುವುದೇ ಆ ಮಿಣುಕು. ಕಂಪ್ಯೂಟರು ನಿಧಾನವಾಗಿದ್ದರಿಂದ, ಲಿಫ್ಟಿನ ಗುಂಡಿ ಒತ್ತುವ ಹಾಗೆ, ಅಂಗಡಿ ಬರುವತನಕ ಮೌಸ್ ಕುಟ್ಟಿದ್ದೆ. ಕುಟ್ಟಿದ್ದಕ್ಕೆಲ್ಲ ಒಂದೊಂದು ಅಂಗಡಿ ಬಂದು ಕಂಪ್ಯೂಟರು ಇನ್ನಷ್ಟು ನಿಧಾನವಾಗಿತ್ತು.

ಆ ಅಂಗಡಿಯಲ್ಲಿ ಲೋಟ, ಬಾಟಲಿ, ಬಾಳೆಗೊನೆ, ಕ್ಯಾಲೆಂಡರು ಪ್ರತಿಯೊಂದಕ್ಕೂ ಬೇರೆಬೇರೆ ಬಣ್ಣದ ಹಾಳೆ. ಅದೂ ಒಂದು ರೋಗ. ದರ್ಶಿನಿಗೆ ಇಪ್ಪತ್ತು ಜನ ಹೋಗಿ ಒಂದೇ ಟೋಕನ್ನಿನಲ್ಲಿ ಇಪ್ಪತ್ತು ಕಾಫಿ ಹೇಳಿದರೆ ಒಂದು ಗಳಿಗೆಯ ಕೆಲಸ. ಅದೇ ಇಪ್ಪತ್ತು ಮಂದಿ ಒಬ್ಬೊಬ್ಬರೇ ಸಾಲು ನಿಂತು, ಒಬ್ಬರಿಗೆ ಸಕ್ಕರೆ ಕಡಿಮೆ, ಇನ್ನೊಬ್ಬರಿಗೆ ಡಿಕಾಕ್ಷನ್ ಜಾಸ್ತಿ ಎಂದರೆ? ಗ್ರಾಫಿಕ್ಸ್ ಕಾರ್ಡಿನ ಸಂಕಟ ಅದು. ಐದರಲ್ಲಿ ನಾಲ್ಕು ಅಂಗಡಿ ಎತ್ತಿಸಿದ ಮೇಲೆ ಹನ್ನೊಂದು ಫ್ರೇಮ್ ಬಂತು.

ಇನ್ನು ನೆಲದಡಿಯ ಕಥೆ. ಎತ್ತರ ಸರಿಮಾಡುವಾಗ ಕೈಜಾರಿ ಕೆಳಗಿಳಿದ ಏಳು ದೀಪದ ಕಂಬ, ಮೂರು ಬೆಂಚು, ಒಬ್ಬ ಗಾರ್ಡ್ ಮೂರು ವರ್ಷದಿಂದ ಪಾತಾಳದಲ್ಲಿದ್ದರು. ಗಾರ್ಡ್ ಹಸಿರು ಬಾವುಟ ಹಿಡಿದೇ ಇದ್ದ. ಅವನನ್ನು ಎತ್ತಿ ಪ್ಲಾಟ್‌ಫಾರ್ಮಿನ ಮೇಲೆ ನಿಲ್ಲಿಸಿದೆ, ಫ್ರೇಮಿನ ಆಸೆಯಿಂದಲ್ಲ.

ಒಂಬತ್ತನೆಯ ಅರ್ಧಕ್ಕೆ ಎರಡೇ ವಸ್ತು ಉಳಿದವು: ನೀರಿನ ಟ್ಯಾಂಕು, ಸೈಕಲ್ಲು. ನಾನು ಟ್ಯಾಂಕಿನ ಮೇಲೆ ಪಣ ಕಟ್ಟಿದ್ದೆ, ಅಷ್ಟು ದೊಡ್ಡದು ಅದು. ಮರೆಮಾಡಿದರೆ ಏನೂ ಆಗಲಿಲ್ಲ. ಸೈಕಲ್ ಮರೆಮಾಡಿದೆ. 42!

ಒಂದು ಸೈಕಲ್ಲನ್ನು ಬೇರೆ ಕಿಟಕಿಯಲ್ಲಿ ತೆರೆದು, ಬಣ್ಣ ಕಳಚಿ, ಬರೀ ಗೆರೆಗಳಲ್ಲಿ ನೋಡಿದೆ. ಕಂಪ್ಯೂಟರಿಗೆ ಎಲ್ಲವೂ ತ್ರಿಕೋನಗಳೇ. ಈ ಸೈಕಲ್ಲಿನಲ್ಲಿ ಗೆರೆ ಎಷ್ಟು ಒತ್ತಾಗಿದ್ದವೆಂದರೆ ಬಲೆಯ ಬದಲು ಬಿಳೀ ಗಟ್ಟಿ ಕಾಣುತ್ತಿತ್ತು. ಪ್ರತಿ ಕಡ್ಡಿಯೂ ಗುಂಡಗೆ, ಚೈನಿನ ಕೊಂಡಿ ಕೊಂಡಿಯೂ ಬೇರೆ, ಟೈರಿನ ಹಲ್ಲು, ಬೆಲ್ಲಿನೊಳಗಿನ ಸ್ಪ್ರಿಂಗು! ಒಟ್ಟು 84,000 ತ್ರಿಕೋನ. ಹೋಲಿಸಿ ನೋಡಿ: ಟ್ರೇನ್ಜ್‌ನ ಒಂದು ಹಲಗೆಯ ನೆಲ 720 ಮೀಟರಿನ ಚೌಕ, ಹತ್ತು ಮೀಟರಿಗೊಂದು ಮನೆಯಂತೆ 5,184 ಮನೆ, ಮನೆಗೆರಡು ತ್ರಿಕೋನ, ಒಟ್ಟು 10,368. ಅಂದರೆ ಒಂದು ಸೈಕಲ್ಲಿಗೆ ಎಂಟು ಗುಡ್ಡ. ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗೆ ಹಳಿಯುದ್ದಕ್ಕೂ ಹಲಗೆ ಜೋಡಿಸಿದರೂ 77 ಹಲಗೆ, ಎಂಟು ಲಕ್ಷ ದಾಟುವುದಿಲ್ಲ. ನನ್ನ ಸ್ಟ್ಯಾಂಡಿನ 23 ಸೈಕಲ್ಲು ಹತ್ತೊಂಬತ್ತು ಲಕ್ಷ. ಸೃಷ್ಟಿಕರ್ತ ಪಶ್ಚಿಮ ಘಟ್ಟಕ್ಕೆ ಪಟ್ಟ ಶ್ರಮದ ಎರಡರಷ್ಟಕ್ಕೂ ಮಿಕ್ಕಿ ಸೈಕಲ್ ಸ್ಟ್ಯಾಂಡಿಗೆ! ಎಂಜಿನ್ನಿನೊಳಗೆ ಕೂತವನಿಗೆ ಅದು ಕಾಣುವುದೂ ಇಲ್ಲ, ನಿಲ್ದಾಣದ ಕಟ್ಟಡ ಅಡ್ಡ.

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂದು ನಮ್ಮವರು ಹೇಳಿದ್ದನ್ನು ಈ ಆಟದ ವಸ್ತುಗಳನ್ನು ಮಾಡುವ ಬಲ್ಲವರು ಅಕ್ಷರಶಃ ಪಾಲಿಸುತ್ತಾರೆ. ಒಂದೇ ವಸ್ತುವನ್ನು ಮೂರು ನಾಲ್ಕು ಸಲ ಮಾಡಿ, ಹತ್ತಿರಕ್ಕೆ ನಯವಾದದ್ದು, ದೂರ ಹೋದಂತೆ ಒರಟು, ಕೊನೆಗೆ ಬರೀ ಒಂದು ಚುಕ್ಕೆಯಂಥದ್ದು. ನನ್ನ ಸೈಕಲ್ಲಿನ ಕರ್ತೃ ಈ ಗಾದೆ ಕೇಳಿದವನಲ್ಲ. ಎಷ್ಟು ದೂರ ಹೋದರೂ ಬೆಲ್ಲಿನ ಸ್ಪ್ರಿಂಗು ಹಾಗೇ ಇತ್ತು. ಅವನನ್ನು ಬಯ್ಯುವ ಹಕ್ಕು ನನಗೇನಿದೆ? ಪುಕ್ಕಟೆ ಸಿಕ್ಕಿತೆಂದು ಒಂದಲ್ಲ, ಇಪ್ಪತ್ಮೂರು ತಂದು ನಿಲ್ಲಿಸಿದವನು ನಾನು.

ಒಂದು ವಸ್ತುವನ್ನು ಊರೆಲ್ಲ ಒಮ್ಮೆಗೇ ಇನ್ನೊಂದಕ್ಕೆ ಬದಲಿಸುವ ಸಲಕರಣೆ ಟ್ರೇನ್ಜ್‌ನಲ್ಲೇ ಇದೆ. 900 ತ್ರಿಕೋನದ ಬಡ ಸೈಕಲ್ಲೊಂದನ್ನು ಹುಡುಕಿ, ಪಟ್ಟಿಯಲ್ಲಿ ಆರಿಸಿ ಒತ್ತಿದೆ. ಕನ್ನಡಕ ಟಿವಿಯ ಮೇಲಿತ್ತು. ಸ್ಟ್ಯಾಂಡಿನ ನೆರಳಿನಲ್ಲಿ ಇಪ್ಪತ್ಮೂರು ಎಮ್ಮೆಗಳು ಸಾಲಾಗಿ ನಿಂತಿದ್ದವು. ನನ್ನಾಕೆ ಮೂರು ವರ್ಷದಲ್ಲಿ ಮೊದಲ ಸಲ ಕುರ್ಚಿ ಎಳೆದುಕೊಂಡು ಕೂತಳು. "ಎಮ್ಮೆನೇ ಚೆನ್ನಾಗಿದೆ ಕಣ್ರೀ. ಎಲ್ಲ ತೆಗೀಬೇಡಿ, ಒಂದನ್ನಾದ್ರೂ ಬಿಡಿ."

ಬಿಟ್ಟಿದ್ದೇನೆ. ಈಗ ಸ್ಟ್ಯಾಂಡಿನಲ್ಲಿ ಇಪ್ಪತ್ತೆರಡು ಸೈಕಲ್ಲು, ಒಂದು ಎಮ್ಮೆ. ರೈಲು 41 ಫ್ರೇಮಿನಲ್ಲಿ ಒಳಗೆ ಬರುತ್ತದೆ. ಎಮ್ಮೆಯನ್ನು ತೆಗೆದೂ ನೋಡಿದೆ, ಅದೇ 41.