ಗಾಲಿ, ಸನ್ನೆ ಮತ್ತು ಉತ್ತತ್ತಿ

ನನ್ನ ಅಳಿಯನಿಗೆ ರೇಸಿನ ಹುಚ್ಚು. ಅಮೆರಿಕದ ಡೇಟೋನಾದಲ್ಲಿ ಸ್ಟಾಕ್ ಕಾರುಗಳು 200 ಸುತ್ತು ಹಾಕಿ 500 ಮೈಲಿ ಓಡುತ್ತವೆ ಎಂದು ಊಟದ ನಡುವೆಯೂ ಹೇಳುತ್ತಾನೆ. ಅಷ್ಟೆಲ್ಲ ಓಡಿ ಕಡೆಗೆ ಹೊರಟ ಜಾಗಕ್ಕೇ ಬರುತ್ತವಲ್ಲ ಎಂದರೆ ಸಿಟ್ಟು.

2025ರಲ್ಲಿ ಚೈತ್ರ ಹುಣ್ಣಿಮೆ ಏಪ್ರಿಲ್ 12ಕ್ಕೆ, ಅದೂ ಶನಿವಾರ ಬಿತ್ತು. "ಬಾರಪ್ಪ, ನಮ್ಮ ರೇಸೂ ನೋಡು" ಎಂದು ಹೊಸಪೇಟೆಯಿಂದ ಹಂಪಿಯ ಜೋಡಿ ತೇರಿಗೆ ಕರೆದುಕೊಂಡು ಹೋದೆ. ವಿರೂಪಾಕ್ಷನ ಗುಡಿಯಿಂದ ಎದುರು ಬಸವಣ್ಣನವರೆಗೆ ನೇರ ಬೀದಿ. ತಿರುವೇ ಇಲ್ಲ. ಏಪ್ರಿಲ್ ಬಿಸಿಲಿಗೆ ಬಂಡೆ ಮೇಲೆ ಕೂತವರೆಲ್ಲ ಹಂಚಿನ ಮೇಲಿನ ರೊಟ್ಟಿಗಳು.

"ಮಾವ, ಇದಕ್ಕೆ ಬ್ರೇಕ್ ಎಲ್ಲೈತಿ?"

ಗಾಲಿ ಪಕ್ಕ ಮರದ ಸನ್ನೆ ಹಿಡಿದು ಬಗ್ಗಿ ನಡೆಯುವವರನ್ನು ತೋರಿಸಿದೆ. ಬ್ರೇಕೂ ಅವರೇ, ಸ್ಟೇರಿಂಗೂ ಅವರೇ. ಎಂಜಿನ್ ಮಾತ್ರ ಹಗ್ಗ ಹಿಡಿದ ಸಾವಿರಾರು ಜನ. ಅದರಲ್ಲಿ ಅರ್ಧ ಎಳೆಯುವವರು, ಇನ್ನರ್ಧ ಹಗ್ಗ ಮುಟ್ಟಿ ಕಣ್ಣಿಗೊತ್ತಿಕೊಳ್ಳುವವರು. ಎರಡು ತೇರಿದ್ದರೂ ಹಿಂದಿಕ್ಕುವ ಮಾತಿಲ್ಲ. ಜೋಡಿ ನೋಡಿ!

ತೇರಿಗೆಸೆದ ಉತ್ತತ್ತಿಯೊಂದು ಗುರಿ ತಪ್ಪಿ ಅಳಿಯನ ತಂಪು ಕನ್ನಡಕಕ್ಕೆ ಬಡಿಯಿತು. ಅವನು ಅದನ್ನೇ ಎತ್ತಿಕೊಂಡು ಬಾಯಿಗೆ ಹಾಕಿಕೊಂಡ.

ಭಾನುವಾರ ವಿಠ್ಠಲ ಗುಡಿಯ ಕಲ್ಲಿನ ರಥ. ಅದು ತೇರಲ್ಲ, ತೇರಿನ ಆಕಾರದ ಗರುಡನ ಗುಡಿ ಎಂದು ವಿವರಿಸಿದೆ. ಅವನು ಜೇಬಿನಿಂದ 50 ರೂಪಾಯಿ ನೋಟು ತೆಗೆದು, ಹಿಂಬದಿಯ ಚಿತ್ರವನ್ನು ಎದುರಿನ ರಥದ ಜೊತೆ ತಾಳೆ ನೋಡಿದ.

"ಓಡದಿದ್ರೂ ದೇಶ ಪೂರ್ತಿ ತಿರುಗ್ತೈತಲ್ಲ ಮಾವ!" ಎಂದವನೇ ಆ ನೋಟು ಕೊಟ್ಟು ಎರಡು ಎಳನೀರು ಕೇಳಿದ. ಸಾಲಲಿಲ್ಲ. ಉಳಿದದ್ದು ನಾನೇ ಕೊಟ್ಟೆ.