ಟೆನ್ಷನ್ ಖಾತೆ

ಗಡಿಭಾಗದ ನಮ್ಮ ಉಮರ್ಗಾ, ನಿಲಂಗಾ, ಉದಗೀರ ಸೀಮೆಯಲ್ಲಿ ಸೋಯಾಬೀನ್ ದರ ಇಳಿದಷ್ಟೂ ಚಹಾದಂಗಡಿಯ ಒಲೆ ಜೋರಾಗುತ್ತದೆ. 2024ರ ಹಂಗಾಮಿಗೆ ಸರ್ಕಾರ ಕ್ವಿಂಟಲಿಗೆ 4,892 ರೂಪಾಯಿ ಬೆಂಬಲ ಬೆಲೆ ಸಾರಿತು. ಅಡತಿ ಅಂಗಡಿಯವರು ಕಾಳು ಕೈಯಲ್ಲಿ ಹಿಡಿದು, ತೇವ ಜಾಸ್ತಿ ಎಂದು ಮುಖ ಸಿಂಡರಿಸಿ, ನಾಲ್ಕು ಸಾವಿರದ ಆಸುಪಾಸಿಗೆ ಇಳಿಸಿದರು. ಆ ಹೊಟ್ಟೆಯುರಿ ತಣಿಸಲು ನಾವು ಗಂಡಸರು ನೇರ ಹೋಟೆಲಿಗೆ ಹೋದೆವು. ಪ್ಲೇಟ್ ಭಜಿ, ಎರಡು ಕಟ್ ಚಹಾ, ಮೇಲೊಂದು ಪಾನ್. ಸರ್ಕಾರವನ್ನು ಬೈದದ್ದಷ್ಟೇ ಪುಕ್ಕಟೆ.

ಹೆದ್ದಾರಿ ಧಾಬಾದ ಲೆಕ್ಕ ಬೇರೆ. ಬೆಳೆ ವಿಮೆ ಬರಲಿಲ್ಲವೆಂದು ಒಬ್ಬ ಊಟ ಹಾಕಿಸಿದ, ಬಂತೆಂದು ಇನ್ನೊಬ್ಬ. ಸಾಲದ ಚಿಂತೆ ಮರೆಯಲು ಮೂರನೆಯವ ಕಂತಿನ ಮೇಲೆ ಮೊಬೈಲ್ ತಂದ. ಈಗ ಕಂತು ನೆನಪಿಸುವ ಕರೆಗಳು ಅದರಲ್ಲೇ ಬರುತ್ತವೆ.

ಇದು ಸರಿಯಲ್ಲವೆಂದು ನಾನೊಂದು ದಿನ ಖರ್ಚು ಕಡಿಮೆ ಮಾಡಲು ನಿರ್ಧರಿಸಿದೆ. ನಿರ್ಧಾರ ನನ್ನದು, ಜಾರಿ ಮನೆಯ ಹೆಂಗಸರದು. ಒಂದು ಲೀಟರ್ ಹಾಲು ಅರ್ಧಕ್ಕೆ ಬಂತು. ಅವ್ವನ ಮೊಣಕಾಲಿನ ಎಣ್ಣೆ ಬಂದ್. ದೀಪಾವಳಿಗೆ ಸೀರೆ ಮುಂದಿನ ವರ್ಷ. ನನ್ನ ಚಹಾ, ಗುಟ್ಕಾ ಈ ಬಜೆಟ್ಟಿಗೆ ಬರಲೇ ಇಲ್ಲ. ಅವು ಖರ್ಚಲ್ಲ, ಔಷಧ.

ಈ ಔಷಧಕ್ಕೆ ಕಾನೂನೂ ತಾಗುವುದಿಲ್ಲ. 1956ರಲ್ಲಿ ನಿಲಂಗಾ, ಉದಗೀರಗಳನ್ನು ಬೀದರ ಜಿಲ್ಲೆಯಿಂದ ಬಿಡಿಸಿ ಈಗಿನ ಮಹಾರಾಷ್ಟ್ರದ ಕಡೆ ಸೇರಿಸಿದಂದಿನಿಂದ ಗಡಿಯ ವಿಷಯದಲ್ಲಿ ಎರಡು ರಾಜ್ಯಗಳು ಒಂದು ಮಾತಿಗೆ ಬಂದಿಲ್ಲ. ಗುಟ್ಕಾ ವಿಷಯದಲ್ಲಿ ಮಾತ್ರ ಬಂದವು: ಮಹಾರಾಷ್ಟ್ರ 2012ರಲ್ಲಿ, ಕರ್ನಾಟಕ 2013ರಲ್ಲಿ ನಿಷೇಧ ಹೇರಿದವು. ಅಂದಿನಿಂದ ಗುಟ್ಕಾ ಕೇಳಿದರೆ ಅಂಗಡಿಯವ ಅತ್ತಿತ್ತ ನೋಡಿ ಕೊಡುತ್ತಾನೆ. ನೋಡಿದ್ದಕ್ಕೆ ದರ ಬೇರೆ.

ತಿಂಗಳ ಕೊನೆಗೆ ಮನೆಯಾಕೆ ಗೋಡೆಯ ಕ್ಯಾಲೆಂಡರ್ ಇಳಿಸಿ ತಂದಳು. ಹಾಲಿನ ಲೆಕ್ಕ ಬರೆಯುವ ಚೌಕಗಳಲ್ಲಿ ನನ್ನ ಲೆಕ್ಕವೂ ಇತ್ತು.

"ಅರ್ಧ ಲೀಟರ್ ಹಾಲು ಬಿಟ್ಟು ಉಳಿಸಿದ್ದು ಒಂಬೈನೂರು. ನಿಮ್ಮ ಔಷಧದ್ದು ಸಾವಿರದ ಎಂಟನೂರು."

"ನನಗ ಟೆನ್ಷನ್ ಎಷ್ಟದ, ನಿನಗೇನು ಗೊತ್ತು?" ಎಂದೆ.

"ಅಲ್ರೀ, ಟೆನ್ಷನ್ ನಿಮಗೊಬ್ಬರಿಗೇ ಬರ್ತದೇನು? ನಮಗ ಬಂದ್ರ ಯಾವ ಹೋಟೆಲಿಗೆ ಹೋಗಬೇಕು?"

ನಮ್ಮೂರ ಹೋಟೆಲಿನ ಬೆಂಚುಗಳನ್ನೆಲ್ಲ ನೆನೆದು ನೋಡಿದೆ. ಒಂದರ ಮೇಲೂ ಒಬ್ಬ ಹೆಣ್ಣುಮಗಳು ಕೂತದ್ದು ನೆನಪಾಗಲಿಲ್ಲ. ಅದೇ ಸೋಯಾಬೀನಿಗೆ ಕಳೆ ತೆಗೆದವರು, ಕೊಯ್ದವರು ಅವರು. ದರ ಬಿದ್ದದ್ದಕ್ಕೆ ಭಜಿ ತಿಂದವರು ನಾವು.

ಉಳಿತಾಯದ ಕತ್ತರಿ ಹಿಡಿದ ಅಣ್ಣಗಳಿರಾ, ಮೊದಲು ನಿಮ್ಮ ಕಿಸೆ ಕತ್ತರಿಸಿ ನೋಡಿ. ನಮ್ಮ ಮನೆಗೆ ಈಗ ಮತ್ತೆ ಒಂದು ಲೀಟರ್ ಹಾಲು ಬರುತ್ತದೆ, ಚಹಾ ಅಲ್ಲೇ ಆಗುತ್ತದೆ. ನಾನು ಗುಟ್ಕಾ ಬಿಟ್ಟೆನೆಂದು ಸೋಯಾಬೀನ್ ದರವೇನೂ ಏರಲಿಲ್ಲ, ತಿಂದಾಗಲೂ ಏರಿರಲಿಲ್ಲ.